ಗೈರೋಗೆ ಒಬ್ಬರು, ಚುಕ್ಕಾಣಿಗೆ ಇನ್ನೊಬ್ಬರು

ಹಡಗಿನ ಎಲೆಕ್ಟ್ರಿಕಲ್ ಆಫೀಸರ್ ಕೆಲಸ ಬಿಟ್ಟು ದಡದ ಆಫೀಸಿಗೆ ಬಂದೆ. ದಿಕ್ಕು ತೋರಿಸುವ ಗೈರೋ ಕಂಪಾಸ್, ಹಡಗನ್ನು ತಾನೇ ದಾರಿಯಲ್ಲಿಡುವ ಆಟೋಪೈಲಟ್, ಚುಕ್ಕಾಣಿ ತಿರುಗಿಸುವ ಸ್ಟೀರಿಂಗ್ ಗೇರ್ ಕೆಟ್ಟರೆ ರಿಪೇರಿಗೆ ಜನ ಗೊತ್ತು ಮಾಡುವುದು ನನ್ನ ಪಾಲಿಗೆ ಬಿತ್ತು. ಮೂರು ಥರ ಮಾಡಿ ನೋಡಿದ್ದೇನೆ. ಒಂದು, ತಯಾರಕರ ಜೊತೆಗೇ ವರ್ಷದ ಕಾಂಟ್ರಾಕ್ಟ್. ಇನ್ನೊಂದು, ಬಂದರಿನ ಸರ್ವಿಸ್ ಕಂಪನಿಯನ್ನು ಬೇಕಾದಾಗ ಕರೆಯುವುದು. ಮತ್ತೊಂದು, ನಮ್ಮ ಹಡಗಿನವರೇ ಮಾಡಿಕೊಳ್ಳುವುದು.

ತಯಾರಕರದು ದುಬಾರಿ ಅಂತ ಎಲ್ಲರಿಗೂ ಗೊತ್ತು. ಆದರೆ ದಿನದ ರೇಟ್ ಮಾತ್ರ ನೋಡಿದರೆ ಮೋಸ ಹೋಗುತ್ತೀರಿ. ಎಂಜಿನಿಯರ್ ಮನೆ ಬಿಟ್ಟ ಗಳಿಗೆಯಿಂದಲೇ ಮೀಟರ್ ಓಡುತ್ತದೆ. ಒಮ್ಮೆ ಪಣಂಬೂರು ಬಂದರಿನೊಳಗೆ ನಿಲ್ಲಲು ಜಾಗ (ಬರ್ತ್) ಸಿಗದೆ ನಮ್ಮ ಹಡಗು ಹೊರಗೆ ಲಂಗರು ಹಾಕಿತ್ತು. ಮಳೆಗಾಲ, ದಡದಿಂದ ಹಡಗಿಗೆ ಲಾಂಚ್ ದೋಣಿ ಹೋಗುವ ಹಾಗಿರಲಿಲ್ಲ. ಎರಡು ದಿನ ಆತ ಹೋಟೆಲಿನಲ್ಲಿ ಕೂತು ನೀರ್ ದೋಸೆ ತಿಂದ. ಬಿಲ್ ನಮ್ಮದು. ಕೆಲಸ ಇದ್ದದ್ದು ಆರೇ ಗಂಟೆಯದು!

ಆದರೂ ಗೈರೋ ಕಂಪಾಸನ್ನು ಅವರಿಗೇ ಕೊಡುತ್ತೇನೆ. ಆಟೋಪೈಲಟ್, ರಾಡಾರ್, ಎಲೆಕ್ಟ್ರಾನಿಕ್ ಚಾರ್ಟ್ ಎಲ್ಲಕ್ಕೂ ದಿಕ್ಕು ಹೋಗುವುದು ಅಲ್ಲಿಂದಲೇ. ನಮ್ಮದರಲ್ಲಿ ಗೈರೋ ಇರುವ ಗೋಳ ದ್ರವದಲ್ಲಿ ತೇಲುತ್ತದೆ. ಸ್ವಿಚ್ ಹಾಕಿದ ಮೇಲೆ ಅದು ಉತ್ತರ ಹಿಡಿದು ನಿಲ್ಲಲು ಗಂಟೆಗಟ್ಟಲೆ ಬೇಕು. ಹಾಗಾಗಿ ಕೆಲಸ ಕೆಡಿಸಿದವನು ದಡ ಸೇರಿ ಊಟ ಮುಗಿಸಿದ ಮೇಲೆ ತಪ್ಪು ಗೊತ್ತಾಗುತ್ತದೆ. ಇಂಥ ಕಡೆ ಅಗ್ಗ ನೋಡಬಾರದು.

ಚುಕ್ಕಾಣಿಯ ಕತೆಯೇ ಬೇರೆ. ಒಂದು ಹಡಗಿನಲ್ಲಿ ಚುಕ್ಕಾಣಿ ನಿಂತಲ್ಲಿ ನಿಲ್ಲದೆ ಅತ್ತಿತ್ತ ತೂಗಾಡುತ್ತಿತ್ತು. ಮೇಲ್ ನೋಡಿದ ತಯಾರಕರ ಕಡೆಯವರು ಎಲೆಕ್ಟ್ರಾನಿಕ್ ಕಂಟ್ರೋಲ್ ಕಾರ್ಡ್ ಬದಲಿಸಬೇಕು ಅಂದರು. ಸ್ಥಳೀಯ ಕಂಪನಿಯ ಹಿರಿಯರೊಬ್ಬರು ಬಂದವರೇ ಹಡಗು ನಡೆಸುವ ಮೇಲಿನ ಕೋಣೆಗೆ (ಬ್ರಿಜ್‌ಗೆ) ಹೋಗಲಿಲ್ಲ, ನೇರ ಹಿಂಭಾಗದ ಸ್ಟೀರಿಂಗ್ ಕೋಣೆಗೆ ಇಳಿದರು. ಚುಕ್ಕಾಣಿಯ ಕೋನವನ್ನು ವಾಪಸ್ ತಿಳಿಸುವ ಫೀಡ್‌ಬ್ಯಾಕ್ ಕಡ್ಡಿಯ ಕೀಲು ಸಡಿಲವಾಗಿತ್ತು. ಪಿನ್ ಬದಲಿಸಿ, ಹೈಡ್ರಾಲಿಕ್ ಪೈಪಿನ ಗಾಳಿ ತೆಗೆದು, ಟೀ ಕುಡಿದು ಹೋದರು. ಪಂಪು, ವಾಲ್ವು, ಸೀಲುಗಳ ವಿಷಯಕ್ಕೆ ಇಂಥವರೇ ಸರಿ. ಆದರೆ ಆಟೋಪೈಲಟ್ ಸೆಟ್ಟಿಂಗ್ ಮುಟ್ಟಲು ಬಿಡಬೇಡಿ. ಇನ್ನೊಂದು ಹಡಗಿನಲ್ಲಿ ಹಾಗೆ ಬಿಟ್ಟು, ಹಳೆಯ ಸೆಟ್ಟಿಂಗ್ ಏನಿತ್ತು ಅಂತ ಯಾರೂ ಬರೆದಿಟ್ಟಿರದೆ ಒದ್ದಾಡಿದ್ದೇವೆ.

ನಮ್ಮವರೇ ಮಾಡಿಕೊಳ್ಳುವುದು ಸಾಕಾಗುತ್ತದಾ? ದಿನನಿತ್ಯದ್ದಕ್ಕೆ ಸಾಕು. ಹೊರಡುವ ಮುಂಚಿನ 12 ಗಂಟೆಯೊಳಗೆ ಸ್ಟೀರಿಂಗ್ ಪರೀಕ್ಷೆ, ಮೂರು ತಿಂಗಳಿಗೊಮ್ಮೆ ತುರ್ತು ಸ್ಟೀರಿಂಗ್ ಅಭ್ಯಾಸ ಹೇಗೂ ಅವರೇ ಮಾಡಬೇಕು. ಒಂದು ಬದಿಯ 35 ಡಿಗ್ರಿಯಿಂದ ಎದುರು ಬದಿಯ 30ಕ್ಕೆ ಚುಕ್ಕಾಣಿ 28 ಸೆಕೆಂಡಿನೊಳಗೆ ಹೋಗಬೇಕು ಅನ್ನುತ್ತದೆ ನಿಯಮ. ಪ್ರತಿ ಸಲ ಸ್ಟಾಪ್‌ವಾಚ್ ಹಿಡಿದು ಬರೆದಿಟ್ಟರೆ ಪಂಪು ಸೋಲುತ್ತಿರುವುದು ಮೊದಲೇ ತಿಳಿಯುತ್ತದೆ. ಹಡಗಿನ ಬ್ಲ್ಯಾಕ್ ಬಾಕ್ಸ್ ಆದ ವಾಯೇಜ್ ಡೇಟಾ ರೆಕಾರ್ಡರ್‌ನ ವಾರ್ಷಿಕ ಪರೀಕ್ಷೆ ಮಾತ್ರ ಅಧಿಕೃತ ಕಂಪನಿಯವರದ್ದೇ. ಅಲ್ಲಿ ಆಯ್ಕೆಯ ಮಾತೇ ಇಲ್ಲ.

ಈಗ ಯಾರಿಗೆ ಕೆಲಸ ಕೊಟ್ಟರೂ ಮೂರು ಸಾಲು ಸೇರಿಸುತ್ತೇನೆ. ಕಾಯುವ ಹೊತ್ತಿಗೆ ಅರ್ಧ ರೇಟ್. ಮುಟ್ಟುವ ಮುಂಚೆ ಸೆಟ್ಟಿಂಗ್‌ಗಳ ಫೋಟೋ. ಬಿಚ್ಚಿದ ಹಳೇ ಭಾಗ ಹಡಗಿನಲ್ಲೇ ಬಿಡಬೇಕು. ಮೂರನೆಯದಕ್ಕೇ ಮುಖ ಹುಳ್ಳಗೆ ಮಾಡುವವರು ಜಾಸ್ತಿ.