ರೈಜೆನ್ 5 5600 ಓವರ್‌ಕ್ಲಾಕ್: ದಾವಣಗೆರೆಯ ಬೇಸಿಗೆ ದಾಟಿದ ಮೇಲೆ

ಎಎಂಡಿಯ ಈ ಪ್ರೊಸೆಸರ್ ಬಗ್ಗೆ ಹೊಸದಾಗಿ ಪರಿಚಯ ಬೇಡ. ಆರು ಕೋರ್, ಹನ್ನೆರಡು ಥ್ರೆಡ್, ಉಳಿದದ್ದೆಲ್ಲ ಡಬ್ಬಿಯ ಮೇಲೇ ಇದೆ. ಮೊದಲ ಸಲ ಓವರ್‌ಕ್ಲಾಕ್ ಮಾಡುವವರಿಗೆ, ಅಂದರೆ ಚಿಪ್ಪನ್ನು ಕಂಪನಿ ಇಟ್ಟ ವೇಗಕ್ಕಿಂತ ಹೆಚ್ಚು ಓಡಿಸುವವರಿಗೆ, ಇದು ಹೇಗೆ, ಅದರಲ್ಲೂ ನಮ್ಮೂರಿನ ಸೆಕೆ, ಧೂಳು, ಕರೆಂಟಿನ ನಡುವೆ ಹೇಗೆ ಅನ್ನುವುದಷ್ಟೇ ಇಲ್ಲಿನ ವಿಷಯ. ಮೊದಲೇ ಹೇಳಿಬಿಡುತ್ತೇನೆ: ವೇಗ ಸಿಗುವುದು ಶೇ. 5ರ ಆಸುಪಾಸು. ಅದಕ್ಕಾಗಿ ಇಷ್ಟೆಲ್ಲ ಮಾಡಬೇಕಾ ಅಂದರೆ ಬೇಡ. ಆದರೆ ಗೇಮ್ ಆಡುವಾಗ ಫ್ಯಾನಿನ ಸದ್ದು ಇಳಿಯುತ್ತದಲ್ಲ, ಆ ಸುಖಕ್ಕೆ ನಾನು ಸೆಟ್ಟಿಂಗ್ ಹಾಗೇ ಉಳಿಸಿಕೊಂಡಿದ್ದೇನೆ.

ಶುರು ಮಾಡುವ ಮುಂಚೆ ಮದರ್‌ಬೋರ್ಡ್ ಯಾವುದು ನೋಡಿಕೊಳ್ಳಿ. ಎ320, ಎ520 ಚಿಪ್‌ಸೆಟ್‌ಗಳಲ್ಲಿ ಪ್ರೊಸೆಸರ್ ಓವರ್‌ಕ್ಲಾಕ್‌ಗೆ ಅವಕಾಶ ಕೊಟ್ಟಿಲ್ಲ. ಬಿ450, ಬಿ550, ಎಕ್ಸ್570 ಇದ್ದರೆ ಸರಿ. ಇಂಟೆಲ್ ಇಟ್ಟುಕೊಂಡವರಿಗೆ ಹೆಸರಿನ ಕೊನೆಯಲ್ಲಿ ‘ಕೆ’ ಇರುವ ಚಿಪ್ಪೂ ಬೇಕು, ಝಡ್ ಸಾಲಿನ ಬೋರ್ಡೂ ಬೇಕು. ಓವರ್‌ಕ್ಲಾಕ್‌ನಿಂದ ಏನಾದರೂ ಸುಟ್ಟರೆ ಎಎಂಡಿ ವಾರಂಟಿ ನಡೆಯುವುದಿಲ್ಲ. ಬಯೋಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ತೆರೆಯುವ ಬೋರ್ಡಿನ ಸೆಟ್ಟಿಂಗ್ ಪರದೆ) ಓವರ್‌ಕ್ಲಾಕ್ ಮೆನು ತೆರೆದಾಗ ಬರುವ ಎಚ್ಚರಿಕೆಯನ್ನು ಎಲ್ಲರೂ ಓದದೆ ‘ಓಕೆ’ ಒತ್ತುತ್ತಾರೆ, ಒಮ್ಮೆ ಓದಿ.

ಡಬ್ಬಿಯಲ್ಲಿ ಬರುವ ರೇಥ್ ಸ್ಟೆಲ್ತ್ ಕೂಲರ್ ಮಾಮೂಲಿ ಬಳಕೆಗೆ ಸಾಕು, ಇದಕ್ಕೆ ಸಾಲದು. ಶಾಖ ಸಾಗಿಸುವ ನಾಲ್ಕು ಹೀಟ್‌ಪೈಪ್, ಒಂದು 120 ಮಿ.ಮೀ. ಫ್ಯಾನ್ ಇರುವ ಟವರ್ ಕೂಲರ್ ತೆಗೆದುಕೊಳ್ಳಿ. ಎತ್ತರ 155 ಮಿ.ಮೀ. ಆಸುಪಾಸು ಇರುತ್ತದೆ, ಕ್ಯಾಬಿನೆಟ್ ಬಾಗಿಲು ಮುಚ್ಚುತ್ತದಾ ಅಂತ ಟೇಪ್ ಹಿಡಿದು ಅಳೆದೇ ಆರ್ಡರ್ ಮಾಡಿ. ಹಳೆಯ ಕೂಲರ್ ತೆಗೆಯುವಾಗ ಜೋಪಾನ: ಈ ಚಿಪ್ ಕೂರುವ ಎಎಂ4 ಸಾಕೆಟ್ ಮಾದರಿಯಲ್ಲಿ ಪಿನ್ನುಗಳು ಇರುವುದು ಪ್ರೊಸೆಸರ್‌ನಲ್ಲೇ, ಒಟ್ಟು 1331. ಚಿಪ್ಪಿಗೂ ಕೂಲರಿಗೂ ನಡುವೆ ಶಾಖ ದಾಟಿಸಲು ಹಚ್ಚಿದ ಪೇಸ್ಟ್ ಒಣಗಿ ಅಂಟಾಗಿ ಹಿಡಿದಿರುತ್ತದೆ; ನೇರ ಮೇಲಕ್ಕೆ ಎಳೆದರೆ ಲಿವರ್ ಹಾಕಿದ್ದರೂ ಸಾಕೆಟ್‌ನಿಂದ ಪ್ರೊಸೆಸರ್ ಕಿತ್ತುಕೊಂಡೇ ಬರುತ್ತದೆ, ಪಿನ್ ಬಾಗುತ್ತದೆ. ಹತ್ತು ನಿಮಿಷ ಯಾವುದಾದರೂ ಭಾರದ ಕೆಲಸ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ, ಪ್ಲಗ್ ಕಿತ್ತು, ನಾಲ್ಕು ಸ್ಕ್ರೂ ಬಿಚ್ಚಿ, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುವಿ. ಅಂಟು ಬಿಟ್ಟ ಮೇಲೆ ಎತ್ತಿ. ಸ್ಕ್ರೂ ಬಿಚ್ಚಿದೊಡನೆ ಬೋರ್ಡಿನ ಹಿಂದಿನ ಪ್ಲೇಟ್ ಕಳಚಿ ಬೀಳುತ್ತದೆ, ಒಂದು ಕೈ ಹಿಂದೆ ಇರಲಿ. ಹಳೆ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಹೊಸದನ್ನು ಕಡಲೆ ಕಾಳಿನಷ್ಟು ಮಧ್ಯದಲ್ಲಿ ಹಾಕಿದರೆ ಸಾಕು.

ಮುಂದಿನದು ರ‍್ಯಾಮ್. ಇದನ್ನು ಮೊದಲು ಮುಗಿಸಿಕೊಳ್ಳದಿದ್ದರೆ ಆಮೇಲೆ ತಪ್ಪು ಯಾರದ್ದು ಅನ್ನುವುದೇ ಗೊತ್ತಾಗುವುದಿಲ್ಲ. 3200 ವೇಗದ ಕಿಟ್ ಆದರೆ ಬಯೋಸ್‌ನಲ್ಲಿ ಎಕ್ಸ್‌ಎಂಪಿ (ಕಿಟ್ ತಯಾರಿಸಿದವರು ಅದರಲ್ಲೇ ಬರೆದಿಟ್ಟ ವೇಗದ ಸೆಟ್ಟಿಂಗ್) ಹಾಕಿ, 1.35 ವೋಲ್ಟ್ ಬಂದಿದೆಯಾ ನೋಡಿ, ರಾತ್ರಿಯಿಡೀ ಮೆಮ್‌ಟೆಸ್ಟ್86 ಎಂಬ ಮೆಮೊರಿ ಪರೀಕ್ಷೆ ಓಡಿಸಿ. ಒಂದೇ ಒಂದು ತಪ್ಪು ತೋರಿಸಿದರೂ ಆ ಸೆಟ್ಟಿಂಗ್ ಬೇಡ. ರ‍್ಯಾಮಿನ ತಪ್ಪು ಸದ್ದಿಲ್ಲದೆ ಫೈಲುಗಳನ್ನು ಕೆಡಿಸುತ್ತದೆ, ಮದುವೆ ಫೋಟೊಗಳು ಹಾಳಾದ ಮೇಲೆಯೇ ಗೊತ್ತಾಗುವುದು. ನನ್ನ ಬೋರ್ಡ್ ಎಕ್ಸ್‌ಎಂಪಿ ಹಾಕಿದ ಕೂಡಲೇ ಎಸ್‌ಒಸಿ ವೋಲ್ಟೇಜನ್ನು (ಚಿಪ್ಪಿನೊಳಗೆ ಮೆಮೊರಿ ನೋಡಿಕೊಳ್ಳುವ ಭಾಗದ್ದು) ಹೇಳದೆ ಕೇಳದೆ ಏರಿಸುತ್ತದೆ. ಆಟೊ ಬಿಟ್ಟು 1.1 ಅಂತ ಟೈಪ್ ಮಾಡಿದೆ, ಅದರಲ್ಲೇ ಸರಿಯಾಗಿ ನಡೆಯುತ್ತಿದೆ.

ಈಗ ಪ್ರೊಸೆಸರ್. ಎಲ್ಲ ಕೋರುಗಳಿಗೂ ಒಂದೇ ವೇಗ, ಒಂದೇ ವೋಲ್ಟೇಜ್ ಕಟ್ಟುವ ಹಳೇ ಪದ್ಧತಿ ಈ ಚಿಪ್ಪಿಗೆ ಲಾಭವಿಲ್ಲ. ಒಂದೇ ಕೋರ್ ಓಡುವಾಗ ತಾನಾಗಿ 4.4 ಗಿಗಾಹರ್ಟ್ಸ್ ಮುಟ್ಟುವುದನ್ನು ನೀವೇ ಕಡಿಮೆ ಮಾಡಿಬಿಟ್ಟಿರುತ್ತೀರಿ, ಮೇಲಾಗಿ ವೋಲ್ಟೇಜ್ ಸದಾ ಮೇಲೇ ಇರುತ್ತದೆ. ಬಯೋಸ್‌ನ ಪಿಬಿಒ (ಚಿಪ್ ತಾನಾಗಿ ವೇಗ ಏರಿಸಿಕೊಳ್ಳುವ ಮಿತಿಗಳ ಮೆನು) ಒಳಗಿನ ಕರ್ವ್ ಆಪ್ಟಿಮೈಸರ್ ಸಾಕು, ಒಂದೊಂದು ಕೋರಿನ ವೋಲ್ಟೇಜನ್ನು ಬೇರೆ ಬೇರೆಯಾಗಿ ತಗ್ಗಿಸುವ ಸೆಟ್ಟಿಂಗ್ ಅದು. ಅದರಲ್ಲಿ ಮೈನಸ್ 30ರವರೆಗೆ ಇಳಿಸಬಹುದು, ಒಂದೊಂದು ಅಂಕೆಗೆ ಸುಮಾರು 3ರಿಂದ 5 ಮಿಲಿವೋಲ್ಟ್ ಕಡಿಮೆಯಾಗುತ್ತದೆ. ಕಂಪನಿಯವರು ಇಟ್ಟ ಶಕ್ತಿಯ ಮಿತಿ 76 ವ್ಯಾಟ್. ಅದನ್ನು ನಾನು ಬದಲಿಸಲೇ ಇಲ್ಲ. ಅದೇ 76 ವ್ಯಾಟಿನಲ್ಲಿ ವೋಲ್ಟೇಜ್ ಕಡಿಮೆ ಬೇಕಾದರೆ ಉಳಿದದ್ದು ವೇಗಕ್ಕೆ ಹೋಗುತ್ತದೆ, ಇಷ್ಟೇ ಇದರ ಒಳಗುಟ್ಟು. ಬೂಸ್ಟ್ ಮಿತಿಯನ್ನು 200 ಮೆಗಾಹರ್ಟ್ಸ್ ಏರಿಸುವ ಆಯ್ಕೆಯೂ ಇದೆ. ಏರಿಸಿದರೆ ವೋಲ್ಟೇಜ್ ಮತ್ತೆ ಮೇಲೆ, ಶಾಖ ಮೇಲೆ, ಗೇಮಿನಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಇಲ್ಲ. ಸೊನ್ನೆಯಲ್ಲೇ ಬಿಟ್ಟಿದ್ದೇನೆ.

ಎಲ್ಲ ಕೋರುಗಳಿಗೂ ಮೈನಸ್ 10ರಿಂದ ಶುರು ಮಾಡಿ, ಐದೈದೇ ಇಳಿಸಿ. ಪ್ರತಿ ಸಲ ವೇಗ ಅಳೆದು ಅಂಕ ಕೊಡುವ ಸಿನಿಬೆಂಚ್ ಆರ್23 ಓಡಿಸಿ ಅಂಕ ಬರೆದಿಟ್ಟುಕೊಳ್ಳಿ. ಇಳಿಸಿದಂತೆ ಅಂಕ ಏರಬೇಕು. ವೇಗ ಮೇಲಿದ್ದರೂ ಅಂಕ ಕೆಳಗೆ ಬಂದರೆ ವೋಲ್ಟೇಜ್ ಸಾಲದೆ ಚಿಪ್ಪಿನ ಕ್ಲಾಕ್ ಒಳಗೊಳಗೇ ನಿಧಾನವಾಗಿದೆ ಅಂತ ಅರ್ಥ; ವೇಗ, ಶಾಖ ತೋರಿಸುವ ಎಚ್‌ಡಬ್ಲ್ಯುಇನ್ಫೋ ತಂತ್ರಾಂಶದಲ್ಲಿ ‘ಎಫೆಕ್ಟಿವ್ ಕ್ಲಾಕ್’ ಸಾಲು ನೋಡಿ, ಸುಳ್ಳು ಅಲ್ಲಿ ಸಿಕ್ಕಿಬೀಳುತ್ತದೆ. ಇನ್ನೊಂದು ಮಾತು: ಸುಮ್ಮನೆ ಬ್ರೌಸರ್ ತೆರೆದಾಗಲೂ 1.4 ವೋಲ್ಟ್ ಮೇಲೆ ತೋರಿಸಿದರೆ ಹೆದರಬೇಡಿ. ಒಂದೆರಡು ಕೋರ್ ಕ್ಷಣಮಾತ್ರ ಜಿಗಿದಾಗ ಅಷ್ಟು ಹೋಗುವುದು ಈ ಚಿಪ್ಪಿನ ಸ್ವಭಾವ.

ಇಲ್ಲಿಯವರೆಗೆ ಎಲ್ಲ ಚೆನ್ನ. ಮೈನಸ್ 25ರಲ್ಲಿ ಸಿನಿಬೆಂಚ್ ಪಾಸ್, ಗೇಮ್ ಪಾಸ್. ಆಮೇಲೆ ಸುಮ್ಮನೆ ಇಟ್ಟ ಕಂಪ್ಯೂಟರ್ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ! ಪಿಡಿಎಫ್ ಓದುವಾಗ, ಹಾಡು ಕೇಳುವಾಗ, ಏನೂ ಮಾಡದೆ ಇದ್ದಾಗ. ಇದಕ್ಕೆ ಕಾರಣವಿದೆ. ಪೂರ್ತಿ ಭಾರದಲ್ಲಿ ಎಲ್ಲ ಕೋರುಗಳೂ ಸಾಧಾರಣ ವೇಗದಲ್ಲಿರುತ್ತವೆ, ಅಲ್ಲಿ ವೋಲ್ಟೇಜಿಗೆ ಸ್ವಲ್ಪ ಜಾಗ ಇರುತ್ತದೆ. ಹಗುರ ಕೆಲಸದಲ್ಲಿ ಒಂದೇ ಕೋರ್ ನಿದ್ದೆಯಿಂದ ಎದ್ದು ನೇರ ತುತ್ತತುದಿಯ ವೇಗಕ್ಕೆ ಜಿಗಿಯುತ್ತದೆ. ನಾವು ಕದ್ದ ಮಿಲಿವೋಲ್ಟುಗಳು ಬೇಕಾಗುವುದು ಆಗಲೇ. ಅದಕ್ಕೇ ಗಂಟೆಗಟ್ಟಲೆ ಪೂರ್ತಿ ಭಾರದ ಪರೀಕ್ಷೆ ಮಾಡಿ ‘ಸ್ಟೇಬಲ್’ ಅಂದವರ ಮಾತು ಈ ಪೀಳಿಗೆಗೆ ನಡೆಯುವುದಿಲ್ಲ.

ನಮ್ಮ ಕಡೆ ಇದಕ್ಕೊಂದು ಹೆಚ್ಚುವರಿ ಕಾಟ. ಕರೆಂಟ್ ಮಿಣುಕ್ ಅಂದರೂ ರೀಸ್ಟಾರ್ಟ್, ವೋಲ್ಟೇಜ್ ಸಾಲದೆ ಕೋರ್ ತಪ್ಪಿ ಬಿದ್ದರೂ ರೀಸ್ಟಾರ್ಟ್. ಯಾವುದು ಯಾವುದು? ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು ಸಿಸ್ಟಮ್ ಲಾಗ್ ನೋಡಿ. ಕರ್ನಲ್-ಪವರ್ 41 ಎರಡಕ್ಕೂ ಬರುತ್ತದೆ, ಅದನ್ನು ನಂಬಬೇಡಿ. ಅದರ ಹತ್ತಿರದಲ್ಲೇ ಡಬ್ಲ್ಯುಎಚ್‌ಇಎ-ಲಾಗರ್ 18 (ಹಾರ್ಡ್‌ವೇರ್ ತಪ್ಪಿನ ದಾಖಲೆ) ಇದ್ದರೆ ಕೋರ್ ಬಿದ್ದಿದೆ. ಒಳಗೆ ‘ಎಪಿಐಸಿ ಐಡಿ’ ಅಂತ ಒಂದು ಸಂಖ್ಯೆ ಇರುತ್ತದೆ: 0 ಅಥವಾ 1 ಆದರೆ ಸೊನ್ನೆಯ ಕೋರ್, 2 ಅಥವಾ 3 ಆದರೆ ಒಂದನೆಯದು, ಹೀಗೆ ಎರಡರಿಂದ ಭಾಗಿಸುತ್ತಾ ಹೋಗಿ. ಆ ಕೋರಿಗೆ ಮಾತ್ರ ಐದು ಅಂಕೆ ವಾಪಸ್ ಕೊಡಿ. ಎಲ್ಲವನ್ನೂ ಒಟ್ಟಿಗೆ ಏರಿಸಬೇಡಿ. ಸಾಮಾನ್ಯವಾಗಿ ಬೀಳುವುದು ಚಿಪ್ಪಿನ ಅತ್ಯುತ್ತಮ ಕೋರುಗಳೇ, ಯಾಕೆಂದರೆ ಅವನ್ನು ಕಾರ್ಖಾನೆಯಲ್ಲೇ ಅಂಚಿನವರೆಗೆ ತಳ್ಳಿರುತ್ತಾರೆ. ನನ್ನದರಲ್ಲಿ ಎರಡು ಒಳ್ಳೆ ಕೋರು ಮೈನಸ್ 8ಕ್ಕೆ ನಿಂತವು, ಉಳಿದ ನಾಲ್ಕು ಮೈನಸ್ 20.

ಹೀಗೆ ಬೀಳುವುದನ್ನೇ ಕಾಯುವ ಬದಲು ಕೋರ್‌ಸೈಕ್ಲರ್ ಎಂಬ ಉಚಿತ ಸ್ಕ್ರಿಪ್ಟ್ ಬಳಸಿ. ಅದು ಒಂದೊಂದೇ ಕೋರಿನ ಮೇಲೆ ಪ್ರೈಮ್95 ಎಂಬ ಭಾರದ ಪರೀಕ್ಷೆ ಓಡಿಸಿ ಯಾವುದು ತಪ್ಪಿತು ಅಂತ ಹೆಸರಿಟ್ಟು ಹೇಳುತ್ತದೆ. ಕೋರಿಗೊಂದು ಗಂಟೆ ಕೊಟ್ಟರೆ ಒಂದು ರಾತ್ರಿಯ ಕೆಲಸ. ಹಳೆಯ ಪವರ್ ಸಪ್ಲೈ ಇದ್ದು ಇಷ್ಟಾದರೂ ಸುಮ್ಮನಿದ್ದಾಗ ಬೀಳುತ್ತಿದ್ದರೆ ಬಯೋಸ್‌ನಲ್ಲಿ ‘ಪವರ್ ಸಪ್ಲೈ ಐಡಲ್ ಕಂಟ್ರೋಲ್’ ಹುಡುಕಿ ‘ಟಿಪಿಕಲ್ ಕರೆಂಟ್ ಐಡಲ್’ಗೆ ಹಾಕಿ. ಬೂಟ್ ಆಗುವುದೇ ನಿಂತರೆ ಗಾಬರಿ ಬೇಡ: ಪ್ಲಗ್ ಕಿತ್ತು, ಸಿಆರ್2032 ಬ್ಯಾಟರಿ ತೆಗೆದು ಐದು ನಿಮಿಷ ಬಿಟ್ಟು ಹಾಕಿದರೆ ಎಲ್ಲ ಮೊದಲಿನಂತೆ.

ಬೇಸಿಗೆಯ ಲೆಕ್ಕ ಸರಳ. ಕೋಣೆಯ ಶಾಖ ಎಷ್ಟು ಡಿಗ್ರಿ ಏರಿತೋ ಚಿಪ್ಪಿನ ಶಾಖವೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಡಿಸೆಂಬರ್‌ನಲ್ಲಿ 24 ಡಿಗ್ರಿ ಇದ್ದ ಕೋಣೆ, ಮೇಲ್ಮಹಡಿಯ ಆರ್‌ಸಿಸಿ ಕೆಳಗೆ, ಏಪ್ರಿಲ್ ಮಧ್ಯಾಹ್ನ 36 ಆಗುತ್ತದೆ. ಆಗ 66ರಲ್ಲಿ ನಿಲ್ಲುತ್ತಿದ್ದ ಸಿನಿಬೆಂಚ್ 78ಕ್ಕೆ ಹೋಗುತ್ತದೆ. ಈ ಚಿಪ್ಪಿನ ಮಿತಿ 90. ಬಯೋಸ್‌ನಲ್ಲಿ ಥರ್ಮಲ್ ಲಿಮಿಟ್ 85ಕ್ಕೆ ಇಟ್ಟರೆ ನಿಶ್ಚಿಂತೆ. ಚಳಿಗಾಲದಲ್ಲಿ ಪಾಸಾದ ಅಂಕೆಯನ್ನು ಬೇಸಿಗೆಯಲ್ಲಿ ಇನ್ನೊಮ್ಮೆ ಪರೀಕ್ಷಿಸಲೇಬೇಕು. ಫ್ಯಾನಿಗೆ 60 ಡಿಗ್ರಿವರೆಗೆ ಶೇ. 40, 75ಕ್ಕೆ 70, 85ಕ್ಕೆ ಪೂರ್ತಿ ಅಂತ ಕೊಟ್ಟು, ಏರಿಳಿತಕ್ಕೆ ಮೂರ್ನಾಲ್ಕು ಸೆಕೆಂಡ್ ತಡ ಇಡಿ. ಇಲ್ಲದಿದ್ದರೆ ಒಂದು ಟ್ಯಾಬ್ ತೆರೆದಾಗಲೆಲ್ಲ ಫ್ಯಾನ್ ಬುಸ್ ಅನ್ನುತ್ತದೆ. ನೀರು ಹಾಕುವ ಏರ್‌ಕೂಲರ್ ಗಾಳಿ ನೇರ ಕ್ಯಾಬಿನೆಟ್‌ಗೆ ಬೀಳದಂತೆ ನೋಡಿ. ತೇವ ತಾಗಿದ ಧೂಳು ಕೂಲರಿನ ಲೋಹದ ರೆಕ್ಕೆಗಳ ನಡುವೆ ಗಟ್ಟಿಯಾಗಿ ಕೂರುತ್ತದೆ.

ಧೂಳಿನ ವಿಚಾರದಲ್ಲಿ ದಾವಣಗೆರೆಗೆ ಸಾಟಿ ಇಲ್ಲ. ರೈಸ್ ಮಿಲ್ಲು, ಹೊಟ್ಟು ಉರಿಸುವ ಮಂಡಕ್ಕಿ ಭಟ್ಟಿ. ಅವುಗಳ ಕಡೆಯಿಂದ ಗಾಳಿ ಬೀಸಿದರೆ ಕಿಟಕಿ ಮುಚ್ಚಿದ್ದರೂ ಕಪ್ಪು ಪುಡಿ ಒಳಗೆ. ಫ್ಯಾನ್ ಬಿಚ್ಚಿ ನೋಡಿದರೆ ಹೀಟ್‌ಸಿಂಕಿನ ಮುಂಭಾಗ ಚಳ್ಳಕೆರೆ ಕಂಬಳಿ ಹೊದ್ದಂತಿರುತ್ತದೆ. ಇದನ್ನು ತೆಗೆಯುವುದು ನನಗೀಗ ಭಾನುವಾರ ಬೆಳಗಿನ ಇಷ್ಟದ ಕೆಲಸ. ಫ್ಯಾನಿನ ತಂತಿ ಕ್ಲಿಪ್ಪು ಎರಡೂ ಬಿಚ್ಚಿ, ಒಂದು ಇಂಚಿನ ಪೇಂಟ್ ಬ್ರಷ್‌ನಿಂದ ರೆಕ್ಕೆಗಳ ಉದ್ದಕ್ಕೆ ಮೇಲಿಂದ ಕೆಳಕ್ಕೆ ಎಳೆದರೆ ಧೂಳು ಪದರವಾಗಿ ಸುರುಳಿ ಬಿಟ್ಟುಕೊಂಡು ಬರುತ್ತದೆ. ಅಡ್ಡಕ್ಕೆ ಎಳೆದರೆ ಒಳಗೆ ತಳ್ಳಿದ ಹಾಗೆ. ಆಮೇಲೆ ಬ್ಲೋವರ್, ಊದುವಾಗ ಫ್ಯಾನಿನ ಎಲೆಯನ್ನು ಬೆರಳಿನಿಂದ ಹಿಡಿದಿರಿ, ಸುಮ್ಮನೆ ಗಿರಗಿರ ತಿರುಗಲು ಬಿಟ್ಟರೆ ಬೇರಿಂಗ್ ಹಾಳು. ಕ್ಯಾಬಿನೆಟ್ ಮುಂದಿನ ಜಾಲರಿ ಫಿಲ್ಟರನ್ನು ನಲ್ಲಿಯ ನೀರಿನ ಕೆಳಗೆ ತೊಳೆದು ಪೂರ್ತಿ ಒಣಗಿದ ಮೇಲಷ್ಟೇ ಹಾಕಿ. ಇಷ್ಟಕ್ಕೇ ನಾಲ್ಕೈದು ಡಿಗ್ರಿ ಇಳಿಯುತ್ತದೆ. ಬಯೋಸ್‌ನಲ್ಲಿ ತಿಣುಕಾಡಿ ಗಳಿಸಿದ್ದೂ ಅಷ್ಟೇ, ನಗು ಬರುತ್ತದೆ.

ಯುಪಿಎಸ್ ಇಲ್ಲದೆ ಇದಕ್ಕೆ ಕೈ ಹಾಕಬೇಡಿ, ಅದರಲ್ಲೂ ಬಯೋಸ್ ಅಪ್‌ಡೇಟ್ ಮಾಡುವಾಗ. 600 ವಿಎ ಯುಪಿಎಸ್ ಅಂದರೆ ನಿಜವಾಗಿ ಸಿಗುವುದು ಸುಮಾರು 360 ವ್ಯಾಟ್. ಮಧ್ಯಮ ಗ್ರಾಫಿಕ್ಸ್ ಕಾರ್ಡಿನ ಜತೆ ಸಾಕಾಗುತ್ತದೆ, ದೊಡ್ಡದಿದ್ದರೆ 1000 ವಿಎ ನೋಡಿ. ಆ್ಯಕ್ಟಿವ್ ಪಿಎಫ್‌ಸಿ (ಕರೆಂಟ್ ಎಳೆಯುವ ರೀತಿಯನ್ನು ಸರಿಪಡಿಸುವ ಸರ್ಕ್ಯೂಟ್) ಇರುವ ಕೆಲವು ಪವರ್ ಸಪ್ಲೈಗಳು ಅಗ್ಗದ ಯುಪಿಎಸ್‌ಗಳ ಚೌಕ ಅಲೆಗೆ ಹೊಂದದೆ ಕರೆಂಟ್ ಹೋದ ಕ್ಷಣವೇ ಆಫ್ ಆಗುತ್ತವೆ. ಕೊಂಡ ದಿನವೇ ಪ್ಲಗ್ ಕಿತ್ತು ಪರೀಕ್ಷಿಸಿ, ಬಿಲ್ ಇನ್ನೂ ಕೈಯಲ್ಲಿದ್ದಾಗ.

ದುಡ್ಡಿನ ಮಾತು. ಬಿ450 ಅಥವಾ ಬಿ550 ಬೋರ್ಡ್ ಈಗಾಗಲೇ ಇದ್ದರೆ ಕೂಲರ್, ಪೇಸ್ಟ್, ಬ್ರಷ್ ಇಷ್ಟೇ ಖರ್ಚು, ಖಂಡಿತ ಮಾಡಿ. ಎ520 ಇದ್ದು, ಇದಕ್ಕೋಸ್ಕರ ಬೋರ್ಡ್ ಬದಲಿಸುವ ಯೋಚನೆ ಇದ್ದರೆ ಬಿಡಿ, ಆ ದುಡ್ಡಿನಲ್ಲಿ ರ‍್ಯಾಮ್ 32 ಜಿಬಿ ಮಾಡಿಕೊಳ್ಳಿ, ಎಕ್ಸ್‌ಎಂಪಿ ಅದರಲ್ಲೂ ನಡೆಯುತ್ತದೆ. ಅಂಗಡಿಯ ಲೆಕ್ಕಪತ್ರ, ಟ್ಯಾಲಿ ಇರುವ ಕಂಪ್ಯೂಟರ್ ಆದರೆ ಕರ್ವ್ ಆಪ್ಟಿಮೈಸರ್ ಮುಟ್ಟಲೇಬೇಡಿ. ಐದಕ್ಕೆ ನಾಲ್ಕು ನಕ್ಷತ್ರ. ಕಳೆದ ಒಂದು ನಕ್ಷತ್ರ ಆ ಸುಮ್ಮನಿದ್ದಾಗಿನ ರೀಸ್ಟಾರ್ಟ್‌ಗೆ.