ಜಿಐ, ಪಲ್ಟ್ರೂಡೆಡ್, ಮೌಲ್ಡೆಡ್: ಮೂರೂ ಗ್ರೇಟಿಂಗ್ ಹಾಕಿಸಿ ನೋಡಿದ ಮೇಲೆ

ಗ್ರೇಟಿಂಗ್ ಅಂದರೆ ಓಡಾಡುವ ದಾರಿಗೆ, ಗುಂಡಿಯ ಬಾಯಿಗೆ ಹಾಸುವ ಜಾಲರಿ ಹಾಳೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮೌಲ್ಡೆಡ್ ಎಫ್‌ಆರ್‌ಪಿಗೆ, ಅಂದರೆ ಗಾಜಿನ ನಾರು ಸೇರಿಸಿ ಅಚ್ಚಿನಲ್ಲಿ ಎರೆದ ಪ್ಲಾಸ್ಟಿಕ್ಕಿಗೆ. 38 ಮಿ.ಮೀ. ದಪ್ಪದ್ದು, ಮೇಲ್ಮೈಗೆ ಮರಳು ಕೂರಿಸಿದ್ದು. ನಮ್ಮ ಕಾರ್ಖಾನೆಯ ಆಸಿಡ್ ಟ್ಯಾಂಕುಗಳ ಸುತ್ತಲಿನ ವಾಕ್‌ವೇ, ಪಂಪ್ ಪಿಟ್ಟಿನ ಮುಚ್ಚಳ, ಗೇಟಿನಿಂದ ಒಳಗೆ ಬರುವ ಕಾಲುದಾರಿ, ಹೀಗೆ ಬೇರೆ ಬೇರೆ ಕಡೆ ಮೂರೂ ಥರದ ಗ್ರೇಟಿಂಗ್ ಹಾಕಿಸಿ, ಕೆಲವನ್ನು ಕಿತ್ತು ಹಾಕಿಸಿ, ಆಮೇಲೆ ಹೇಳುತ್ತಿರುವ ಮಾತಿದು. ಹಾಗಂತ ಮೌಲ್ಡೆಡ್ ಕಾಟ ಕೊಡಲಿಲ್ಲ ಅಂತಲ್ಲ. ಮೂರರಲ್ಲಿ ನನ್ನ ತಲೆ ಜಾಸ್ತಿ ತಿಂದದ್ದೂ ಅದೇ.

ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಗ್ರೇಟಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಣ ಜಾಗಕ್ಕೆ ಅದಕ್ಕಿಂತ ಒಳ್ಳೆಯದು ಬೇಡ. ಗಟ್ಟಿ, ಅಗ್ಗ, ಎಲ್ಲಿ ಬೇಕಾದರೂ ವೆಲ್ಡ್ ಮಾಡಬಹುದು. ಆದರೆ ಅದರ ಆಯಸ್ಸೆಲ್ಲ ಮೇಲಿನ ಸತುವಿನ ಪದರದಲ್ಲಿದೆ. ಸತು ಆಸಿಡ್‌ಗೂ ಕರಗುತ್ತದೆ, ಕಡುವಾದ ಕಾಸ್ಟಿಕ್ ಸೋಡಾಕ್ಕೂ ಕರಗುತ್ತದೆ. ಸೈಟಿನಲ್ಲಿ ಗ್ರೈಂಡರ್ ಹಿಡಿದು ಒಂದು ಕಡೆ ಕತ್ತರಿಸಿದರೆ ಅಲ್ಲಿ ಬರೀ ಕಬ್ಬಿಣವೇ ಹೊರಗೆ ಬರುತ್ತದೆ. ಅದರ ಮೇಲೆ ಸತುವಿನ ಪೇಂಟ್ ಬಳಿದರೂ ಮೊದಲಿನ ಪದರದಷ್ಟು ಬಾಳುವುದಿಲ್ಲ. ನಮ್ಮಲ್ಲಿ ಮೇಲಿನಿಂದ ನೋಡಿದರೆ ಗ್ರೇಟಿಂಗ್ ಚೆನ್ನಾಗಿಯೇ ಕಾಣುತ್ತಿತ್ತು. ಕೆಳಗಿಳಿದು, ಪಟ್ಟಿಗೆ ಅಡ್ಡ ಸರಳು ಸೇರುವ ಕಡೆ ಸ್ಕ್ರೂಡ್ರೈವರ್ ತುದಿ ಒತ್ತಿದೆ. ಕಬ್ಬಿಣ ಪದರ ಪದರವಾಗಿ ಉದುರಿ ಕೈಗೆ ಬಂತು. ಅವತ್ತೇ ಆ ವಾಕ್‌ವೇಗೆ ಹಗ್ಗ ಕಟ್ಟಿ ಓಡಾಟ ನಿಲ್ಲಿಸಿದೆವು.

ಆಮೇಲೆ ಎಫ್‌ಆರ್‌ಪಿ. ಗಾಜಿನ ನಾರು, ರೆಸಿನ್ (ಆಮೇಲೆ ಗಟ್ಟಿಯಾಗುವ ಅಂಟು ದ್ರವ) ಸೇರಿಸಿ ಮಾಡಿದ್ದು. ಅದರಲ್ಲಿ ಎರಡು ಜಾತಿ.

ಪಲ್ಟ್ರೂಡೆಡ್ ಅಂದರೆ ನಾರಿನ ಎಳೆಗಳನ್ನು ರೆಸಿನ್‌ನಲ್ಲಿ ಅದ್ದಿ, ಬಿಸಿ ಅಚ್ಚಿನ ಒಳಗಿಂದ ಎಳೆದು ಉದ್ದುದ್ದ ಕಂಬಿ ಮಾಡುವುದು. ಆ ಕಂಬಿಗಳನ್ನು ಸಾಲಾಗಿ ಇಟ್ಟು ಅಡ್ಡ ಸರಳಿನಿಂದ ಪೋಣಿಸುತ್ತಾರೆ. ಸುಮಾರು ಮೂರನೇ ಎರಡರಷ್ಟು ಗಾಜೇ ಇರುವುದರಿಂದ ಬಿಗಿ, ಅಂದರೆ ಬಾಗದೆ ನಿಲ್ಲುವ ಗುಣ, ಜಾಸ್ತಿ. ಎರಡು ಸಪೋರ್ಟ್ ನಡುವೆ ದೂರ ಇದ್ದರೆ ಇದೇ ಸರಿ. ನೋಡೋಕೂ ಚೆಂದ. ನಾನು ಮೊದಲು ಮರುಳಾದದ್ದು ಇದಕ್ಕೇ.

ಆದರೆ ಇದರ ಬಲವೆಲ್ಲ ಒಂದೇ ದಿಕ್ಕಿಗೆ. ಅಡ್ಡ ಸರಳು ಕಂಬಿಗಳನ್ನು ಜೋಡಿಸಿ ಹಿಡಿದುಕೊಳ್ಳುತ್ತದೆ ಅಷ್ಟೇ, ಭಾರ ಹೊರುವುದಿಲ್ಲ. ಹೊಸ ಪೈಪ್ ಇಳಿಸಬೇಕು ಅಂತ ನಡುವೆ ಒಂದು ತೂತು ಕೊರೆದರೆ, ತುಂಡಾದ ಕಂಬಿಗಳಿಗೆ ಆಧಾರ ತಪ್ಪುತ್ತದೆ. ಕೆಳಗೆ ಹೊಸ ಆಂಗಲ್ (ಎಲ್ ಆಕಾರದ ಆಧಾರದ ಪಟ್ಟಿ) ಕೊಡಲೇಬೇಕು. ವರ್ಷಾನುಗಟ್ಟಲೆ ಏನೂ ಬದಲಾಗದ ಜಾಗಕ್ಕೆ ಇದು ಪರವಾಗಿಲ್ಲ. ನಮ್ಮಲ್ಲಿ ಪೈಪ್ ಲೈನ್ ಸುಮ್ನೆ ಒಂದು ಕಡೆ ಇರುವುದೇ ಇಲ್ಲ. ತರಿಸುವವರಿಗೆ ಒಂದು ಮಾತು: ಡ್ರಾಯಿಂಗ್‌ನಲ್ಲಿ ಉದ್ದ, ಅಗಲ ಬರೆದು ಬಿಡಬೇಡಿ, ಕಂಬಿ ಯಾವ ಕಡೆಗೆ ಓಡಬೇಕು ಅಂತ ಬಾಣ ಹಾಕಿ ತೋರಿಸಿ.

ಮೌಲ್ಡೆಡ್ ಮಾಡುವ ಬಗೆಯೇ ಬೇರೆ. ಅಚ್ಚಿನೊಳಗೆ ಉದ್ದಕ್ಕೊಂದು ಸಾಲು, ಅಡ್ಡಕ್ಕೊಂದು ಸಾಲು ಅಂತ ಗಾಜಿನ ನಾರು ಹೆಣೆಯುತ್ತಾ ರೆಸಿನ್ ಸುರಿಯುತ್ತಾರೆ. ಇಡೀ ಹಾಳೆ ಒಂದೇ ತುಂಡು. ಗಾಜು ಮೂರನೇ ಒಂದರಷ್ಟು, ಉಳಿದದ್ದು ರೆಸಿನ್. ಹಾಗಾಗಿ ಬಿಗಿ ಕಮ್ಮಿ, ಆದರೆ ಆಸಿಡ್ ತಡೆಯುವ ಶಕ್ತಿ ಜಾಸ್ತಿ. ಭಾರ ಎರಡೂ ದಿಕ್ಕಿಗೆ ಹಂಚಿಹೋಗುತ್ತದೆ. ಪೈಪಿಗೆ ಅಂತ ಸಣ್ಣ ತೂತು ಕೊರೆದರೂ ಸುತ್ತಲಿನ ಮನೆಗಳು, ಅಂದರೆ ಜಾಲರಿಯ ಚೌಕಗಳು, ಹಿಡಿದುಕೊಳ್ಳುತ್ತವೆ. ನಮ್ಮ ಫಿಟ್ಟರ್ ಡೈಮಂಡ್ ಬ್ಲೇಡ್ ಹಾಕಿಕೊಂಡು ನಿಂತಲ್ಲೇ ಕತ್ತರಿಸಿ ಕೂರಿಸುತ್ತಾನೆ. ಮಾಸ್ಕ್, ತುಂಬು ತೋಳಿನ ಅಂಗಿ ಮಾತ್ರ ಮರೆಯಬಾರದು. ಆ ಪುಡಿ ಮೈಗೆ ತಾಕಿದರೆ ರಾತ್ರಿಯೆಲ್ಲ ನವೆ.

ಈಗ ಕಾಟದ ವಿಷಯಕ್ಕೆ ಬರುತ್ತೇನೆ.

ಈ ಹಾಳೆಯಲ್ಲಿ ಕಂಬಿಯಿಂದ ಕಂಬಿಗೆ ಸುಮಾರು 38 ಮಿ.ಮೀ. ಸಾಮಾನ್ಯವಾಗಿ ಸಿಗುವ ಹಾಳೆ 1220 × 3660 ಮಿ.ಮೀ. ಫ್ಯಾಕ್ಟರಿಯಿಂದ ಬರುವಾಗ ನಾಲ್ಕೂ ಅಂಚಿಗೆ ಪೂರ್ತಿ ಕಂಬಿ ಇರುತ್ತದೆ. ಆದರೆ ನಮ್ಮ ಪಿಟ್ಟನ್ನು ಯಾರೂ 38ರ ಮಗ್ಗಿ ನೋಡಿ ಕಟ್ಟಿಲ್ಲವಲ್ಲ! ಒಂದು ಮುಚ್ಚಳಕ್ಕೆ 975 ಮಿ.ಮೀ. ಬೇಕಿತ್ತು. ಅಳತೆಗೆ ಸರಿಯಾಗಿ ಕತ್ತರಿಸಿಯೇ ಕಳಿಸಿದರು. 25 ಮನೆ ಮುಗಿದು ಕೊನೆಯ ಕಂಬಿ ಸುಮಾರು 959ಕ್ಕೆ ಬಂತು. ಅದರಾಚೆಗೆ 16 ಮಿ.ಮೀ. ಉದ್ದದ ತುಂಡುಗಳು ಬಾಚಣಿಗೆ ಹಲ್ಲಿನ ಹಾಗೆ ಚಾಚಿಕೊಂಡವು.

ಪಿಟ್ಟಿನ ಅಂಚಿನ ಆಂಗಲ್ ಹಳೆಯದು, 25 ಮಿ.ಮೀ. ಅಗಲ. ಆ ಬದಿಗೆ 10 ಮಿ.ಮೀ. ಸಂದು ಬಿಟ್ಟರೆ ಆಂಗಲ್ ಮೇಲೆ ಕೂತದ್ದು ಬರೀ ಹಲ್ಲು. ಪೂರ್ತಿ ಕಂಬಿ ಒಳಗಡೆ ಗಾಳಿಯಲ್ಲಿ ನಿಂತಿತು. ಜನ ನಡೆದಾಡುವಷ್ಟಕ್ಕೆ ಏನೂ ಗೊತ್ತಾಗಲಿಲ್ಲ. ಡ್ರಮ್ ಹೊತ್ತ ಟ್ರಾಲಿ ಅದರ ಮೇಲೆ ಹತ್ತಿ ಇಳಿಯಲು ಶುರುವಾದ ಮೇಲೆ ಹಲ್ಲುಗಳ ಬುಡದಲ್ಲಿ ಬಿಳಿ ಗೆರೆ ಕಾಣಿಸಿತು. ಎಫ್‌ಆರ್‌ಪಿಯಲ್ಲಿ ಹಾಗೆ ಬಿಳಿಚಿಕೊಂಡರೆ ಒಳಗೆ ನಾರು, ರೆಸಿನ್ ಬಿಡುತ್ತಿವೆ ಅಂತಲೇ ಲೆಕ್ಕ. ಆಮೇಲೆ ಒಂದೊಂದೇ ಹಲ್ಲು ಮುರಿಯಿತು.

ಕ್ಲಿಪ್ ಗೋಳು ಇನ್ನೊಂದು. ಈ ಗ್ರೇಟಿಂಗ್‌ಗೆ ಜಾಸ್ತಿ ಬಳಸುವುದು ಎಂ ಕ್ಲಿಪ್. ಅದು ಅಕ್ಕಪಕ್ಕದ ಎರಡು ಕಂಬಿಗಳ ಮೇಲೆ ಕೂತು, ನಡುವಿನಿಂದ ಇಳಿದ ಬೋಲ್ಟಿನಿಂದ ಕೆಳಗಿನ ಆಂಗಲ್ ಅನ್ನು ಹಿಡಿಯಬೇಕು. ಬರೀ ಹಲ್ಲಿರುವ ಕಡೆ ಅದು ಸರಿಯಾಗಿ ಕೂರುವುದೇ ಇಲ್ಲ. ಬಿಗಿ ಮಾಡಿದಂತೆ ಕಾಣುತ್ತದೆ, ಎರಡು ಸಲ ಟ್ರಾಲಿ ಹೋದರೆ ತಿರುಗಿಕೊಳ್ಳುತ್ತದೆ. ಆಮೇಲೆ ಹೆಜ್ಜೆ ಹೆಜ್ಜೆಗೂ ಟಕ್ ಟಕ್. ಸಡಿಲವಾದ ಕ್ಲಿಪ್ ಕಾಲಿಗೂ ಎಡವುತ್ತದೆ. ನಟ್ ಕೆಳಗಿರುವುದರಿಂದ ಬಿಗಿ ಮಾಡಲು ಒಬ್ಬ ಪಿಟ್ಟಿಗೆ ಇಳಿಯಬೇಕು, ಅದಕ್ಕೊಂದು ಪರ್ಮಿಟ್, ಮೇಲೆ ಕಾಯಲು ಇನ್ನೊಬ್ಬ. ಒಂದು ನಟ್ಟಿಗೆ ಇಷ್ಟೆಲ್ಲ ಸಂಭ್ರಮ!

ಅಂಚಿನ ಹಲ್ಲುಗಳಿಗೆ ಎಫ್‌ಆರ್‌ಪಿ ಪಟ್ಟಿಯನ್ನು ರೆಸಿನ್ ಹಾಕಿ ಅಂಟಿಸುವುದು ಒಂದು ದಾರಿ. ಮಾಡಿ ನೋಡಿದೆವು. ಎಣ್ಣೆ, ಧೂಳು ಚೂರೂ ಇಲ್ಲದ ಹಾಗೆ ಉಜ್ಜಿದರೆ ಮಾತ್ರ ನಿಲ್ಲುತ್ತದೆ. ಕೊನೆಗೆ ಪಾರು ಮಾಡಿದ್ದು 50 ಮಿ.ಮೀ. ಆಂಗಲ್. ಹಳೆಯದನ್ನು ಕಿತ್ತು ಅದನ್ನು ಹಾಕಿದ ಮೇಲೆ ಪೂರ್ತಿ ಕಂಬಿಗೇ ಆಧಾರ ಸಿಕ್ಕಿತು. ಆಧಾರದ ಮೇಲೆ ಹಾಳೆ ಕನಿಷ್ಠ 38 ಮಿ.ಮೀ. ಕೂರಬೇಕು ಅಂತ ತಯಾರಕರೂ ಸಾಮಾನ್ಯವಾಗಿ ಹೇಳುತ್ತಾರೆ. ಈಗ ಹೊಸ ಪಿಟ್ ಆದರೆ ಸಿವಿಲ್‌ನವರಿಗೆ ಮೊದಲೇ 38ರ ಲೆಕ್ಕ ಕೊಡುತ್ತೇನೆ. ಕ್ಲಿಪ್ ಕೂಡ ಮೇಲಿನಿಂದಲೇ ಬಿಗಿ ಮಾಡುವಂಥದ್ದು, ಆಂಗಲ್ ಅಂಚನ್ನು ಕೆಳಗಿಂದ ಕಚ್ಚಿಕೊಳ್ಳುವಂಥದ್ದನ್ನೇ ತರಿಸುತ್ತೇನೆ. ಕತ್ತರಿಸಿದ ತುದಿಗಳಿಗೆಲ್ಲ ಬ್ರಷ್‌ನಿಂದ ರೆಸಿನ್ ಬಳಿಯುವುದು ಖಾಯಂ. ಬಳಿಯದಿದ್ದರೆ ಬಯಲಾದ ನಾರಿನ ಗುಂಟ ಆಸಿಡ್ ಒಳಗೆ ಹೋಗುತ್ತದೆ.

ಇಷ್ಟಾದರೂ ಮೌಲ್ಡೆಡ್ ಯಾಕೆ ಅಂದರೆ, ಈ ಕಾಟಕ್ಕೆ ಒಂದು ಸಲ ಮದ್ದು ಮಾಡಿದರೆ ಮುಗಿಯಿತು. ತುಕ್ಕಿನ ಕಾಟ ಹಾಗಲ್ಲ.

ರೆಸಿನ್ ವಿಷಯದಲ್ಲಿ ಬಣ್ಣ ನೋಡಿ ಮೋಸ ಹೋಗಬೇಡಿ. ಹಸಿರು, ಹಳದಿ, ಕಿತ್ತಳೆ ಯಾವುದೇ ರೆಸಿನ್‌ಗೂ ಹಾಕಬಹುದು. ಆಸಿಡ್ ಆಗಾಗ ಸಿಡಿಯುವ ಜಾಗಕ್ಕೆ ಐಸೊಫ್ಥಾಲಿಕ್ ಪಾಲಿಯೆಸ್ಟರ್ ಸಾಕು. ಕಡು ಆಸಿಡ್, ಕಾಸ್ಟಿಕ್ ಸದಾ ತೊಟ್ಟಿಕ್ಕುವ ಕಡೆಗೆ ವಿನೈಲ್ ಎಸ್ಟರ್ ಬೇಕು, ಬೆಲೆಯೂ ಜಾಸ್ತಿ. ನಾವು ಟ್ಯಾಂಕ್ ಪಕ್ಕದ ಸಾಲಿಗೆ ಮಾತ್ರ ವಿನೈಲ್ ಎಸ್ಟರ್ ಹಾಕಿ, ಉಳಿದದ್ದಕ್ಕೆ ಐಸೊ ಹಾಕಿ ದುಡ್ಡು ಉಳಿಸಿದೆವು. ಹೈಡ್ರೋಫ್ಲೋರಿಕ್ ಆಸಿಡ್ ಇರುವ ಕಡೆ ಇನ್ನೂ ಹುಷಾರು, ಅದು ಗಾಜನ್ನೇ ತಿನ್ನುತ್ತದೆ.

ಕಾಲಡಿಯ ಅನುಭವ ಹೇಳಬೇಕು. ಎಫ್‌ಆರ್‌ಪಿ ಸ್ವಲ್ಪ ಬಾಗುತ್ತದೆ. ಪಲ್ಟ್ರೂಡೆಡ್ ಕಂಬಿಯ ಬಿಗಿಯೇ ಸ್ಟೀಲಿನ ಹತ್ತನೇ ಒಂದರ ಆಸುಪಾಸು, ಮೌಲ್ಡೆಡ್‌ನದ್ದು ಇನ್ನೂ ಕಮ್ಮಿ. ಹಾಗಾಗಿ ಮುರಿಯುತ್ತದೋ ಇಲ್ಲವೋ ಅನ್ನುವುದಕ್ಕಿಂತ ಎಷ್ಟು ಬಾಗುತ್ತದೆ ಅನ್ನುವುದೇ ಮುಖ್ಯ. ಸಪೋರ್ಟ್ ನಡುವಿನ ದೂರ ಎರಡು ಪಟ್ಟಾದರೆ, ಹರಡಿದ ಭಾರಕ್ಕೆ ಬಾಗುವುದು 16 ಪಟ್ಟು. ನಾನು 38 ಮಿ.ಮೀ. ಮೌಲ್ಡೆಡ್‌ಗೆ 1 ಮೀಟರ್ ದಾಟಿಸುವುದಿಲ್ಲ. ಮೊದಮೊದಲು ಜನ ಹೆದರಿ ಪಕ್ಕದ ಬೀಮ್ ಮೇಲೆ ಕಾಲಿಡುತ್ತಿದ್ದರು. ಈಗ ಇಡೀ ಪಾಳಿ ನಿಂತೇ ಕೆಲಸ ಮಾಡುವವರು ಇದೇ ಹಿತ ಅನ್ನುತ್ತಾರೆ.

ಮರಳಿನ ಮೇಲ್ಮೈ ಒದ್ದೆಯಲ್ಲೂ ಜಾರುವುದಿಲ್ಲ, ಆದರೆ ಅದರ ಮೇಲೆ ಮಂಡಿ ಊರಿ ಕೆಲಸ ಮಾಡುವವನ ಪಾಡು ಕೇಳಬೇಡಿ. ಒರೆಸುವ ಬಟ್ಟೆಯಂತೂ ಒಂದೇ ದಿನಕ್ಕೆ ಚಿಂದಿ.

ಜನರ ಕಾಲುದಾರಿಗೆ ಮಾತ್ರ ಈ ದೊಡ್ಡ ಕಿಂಡಿ ಬೇಡ. 38ರ ಜಾಲರಿಯ ಕಿಂಡಿ ಸುಮಾರು 32 ಮಿ.ಮೀ. ಯಂತ್ರಗಳ ವಾಕ್‌ವೇಗೆ ಇರುವ ಐಎಸ್‌ಒ 14122 ಮಾನದಂಡದ ಪ್ರಕಾರ 35 ಮಿ.ಮೀ. ಗುಂಡು ಕೆಳಗೆ ಬೀಳಬಾರದು, ಅದಕ್ಕೆ ಇದು ಪಾಸು. ಕೆಳಗೆ ಜನ ಕೆಲಸ ಮಾಡುವ ಜಾಗವಿದ್ದರೆ 20 ಮಿ.ಮೀ. ಗುಂಡೂ ಬೀಳಬಾರದು, ಅಲ್ಲಿ ಫೇಲು. ಹೀಲ್ಸ್ ಚಪ್ಪಲಿ, ಊರುಗೋಲು, ವೀಲ್‌ಚೇರಿನ ಮುಂದಿನ ಸಣ್ಣ ಚಕ್ರ ಎಲ್ಲ ಸಿಕ್ಕಿಕೊಳ್ಳುತ್ತವೆ. ಹಾಗಾಗಿ ಗೇಟಿನ ದಾರಿಗೆ ಮಿನಿ ಮೆಶ್ ಹಾಕಿಸಿದೆವು. ಅದೂ ಮೌಲ್ಡೆಡ್ಡೇ, ಕಿಂಡಿ 13 ಮಿ.ಮೀ. ಆಸುಪಾಸು. ಕಸ ಸ್ವಲ್ಪ ಕೂರುತ್ತದೆ, ಪೈಪ್ ಹಿಡಿದು ನೀರು ಬಿಟ್ಟರೆ ಹೋಗುತ್ತದೆ.

ವೆಲ್ಡಿಂಗ್ ಮಾಡುವಾಗ ಮೇಲೆ ಬೆಂಕಿ ತಡೆಯುವ ಹೊದಿಕೆ ಹಾಸಲೇಬೇಕು, ಕಿಡಿ ಬಿದ್ದ ಕಡೆಯೆಲ್ಲ ಕಪ್ಪು ಚುಕ್ಕೆ.

ದುಡ್ಡಿನ ಮಾತಿಗೆ ಬಂದರೆ ನಮ್ಮಲ್ಲಿ ಜಿಐ ಎಲ್ಲಕ್ಕಿಂತ ಕಮ್ಮಿಗೆ ಬಂತು, ಪಲ್ಟ್ರೂಡೆಡ್ ಎಲ್ಲಕ್ಕಿಂತ ದುಬಾರಿ. ಮೌಲ್ಡೆಡ್ ನಡುವೆ. ಆದರೆ ಮೌಲ್ಡೆಡ್ ಚದರ ಮೀಟರಿಗೆ 18-19 ಕೆಜಿ ಅಷ್ಟೇ, ಪಿಟ್ ಮುಚ್ಚಳವನ್ನು ಕ್ರೇನ್ ಇಲ್ಲದೆ ಇಬ್ಬರು ಆರಾಮಾಗಿ ಎತ್ತಿಡುತ್ತಾರೆ. ನಮ್ಮ ಹಾಗೆ ಪದೇ ಪದೇ ಎತ್ತುವ, ಕೊರೆಯುವ ಅಭ್ಯಾಸ ಇದ್ದವರಿಗೆ ಆ ಉಳಿತಾಯವೇ ಜಾಸ್ತಿ. ಸಪೋರ್ಟ್‌ಗಳ ನಡುವೆ ದೂರ ಜಾಸ್ತಿ ಇದ್ದು, ಕೊರೆಯುವ ಕೆಲಸವೇ ಇಲ್ಲದಿದ್ದರೆ ಪಲ್ಟ್ರೂಡೆಡ್ ತಗೊಳ್ಳಿ. ಫೋರ್ಕ್‌ಲಿಫ್ಟ್ ದಾಟುವ ಜಾಗದಲ್ಲಿ ನಾವು ಇವತ್ತಿಗೂ ದಪ್ಪ ಪಟ್ಟಿಯ ಕಬ್ಬಿಣದ ಗ್ರೇಟಿಂಗನ್ನೇ ಇಟ್ಟುಕೊಂಡಿದ್ದೇವೆ, ಅದನ್ನು ಬದಲಿಸುವ ಯೋಚನೆಯೂ ಇಲ್ಲ.