ಹಾಲೂಡಿಸುವಾಗ ಮಿನಿ ಪಿಲ್: ಆರೂವರೆ ಸ್ಟ್ರಿಪ್ ನುಂಗಿದವಳ ಅನುಭವ

ಮೊದಲೇ ಹೇಳಿಬಿಡುತ್ತೇನೆ, 5ಕ್ಕೆ ಮೂರೂವರೆ ಕೊಡುತ್ತೇನೆ. ಮಾತ್ರೆ ತನ್ನ ಕೆಲಸ ಮಾಡಿತು. ಕಳೆದ ಒಂದೂವರೆ ಅಂಕ ಗಡಿಯಾರದ ಲೆಕ್ಕಕ್ಕೆ ಹೋಯಿತು.

ನಾನು ನುಂಗಿದ್ದು ಡೆಸೊಜೆಸ್ಟ್ರೆಲ್ 75 ಮೈಕ್ರೋಗ್ರಾಂ ಅನ್ನೋ ಗರ್ಭನಿರೋಧಕ ಮಾತ್ರೆ. ಮಿನಿ ಪಿಲ್ ಅಂತಾರಲ್ಲ, ಅದೇ. ಇದರಲ್ಲಿ ಪ್ರೊಜೆಸ್ಟಿನ್ ಅನ್ನೋ ಹಾರ್ಮೋನ್ ಮಾತ್ರ ಇರುತ್ತದೆ, ಈಸ್ಟ್ರೋಜನ್ ಅನ್ನೋ ಹಾರ್ಮೋನ್ ಇಲ್ಲ. ಬಾಣಂತಿಯರಿಗೆ ಈ ಒಂದು ವ್ಯತ್ಯಾಸವೇ ಮುಖ್ಯ, ನನಗದು ಗೊತ್ತಾಗಿದ್ದು ಒಂದು ಎಡವಟ್ಟಿನಿಂದ. ಮಗುವಿಗೆ ಐದು ವಾರ ಆಗಿದ್ದಾಗ ನನ್ನ ಗಂಡ ಮೆಡಿಕಲ್ ಶಾಪಿಗೆ ಹೋಗಿ "ಗರ್ಭನಿರೋಧಕ ಮಾತ್ರೆ ಕೊಡಿ" ಅಂದರು, ಅವರು ಕೊಟ್ಟರು, ಅಷ್ಟೇ. ಯಾರಿಗೆ, ಮನೆಯಲ್ಲಿ ಹಾಲು ಕುಡಿಯುವ ಮಗು ಇದೆಯಾ ಅಂತ ಒಂದು ಮಾತು ಕೇಳಲಿಲ್ಲ. 21 ಮಾತ್ರೆಯ ಸ್ಟ್ರಿಪ್ ಅದು. ಪುಣ್ಯಕ್ಕೆ ನಾನು ನುಂಗದೆ ಆರನೇ ವಾರದ ಚೆಕಪ್‌ಗೆ ಹಾಗೇ ತೆಗೆದುಕೊಂಡು ಹೋದೆ. ಡಾಕ್ಟರ್ ಸ್ಟ್ರಿಪ್ ತಿರುಗಿಸಿ, ಹಿಂದೆ ಸಣ್ಣ ಅಕ್ಷರದಲ್ಲಿದ್ದ "ಎಥಿನೈಲ್ ಈಸ್ಟ್ರಡಯಾಲ್" ಅನ್ನೋ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದರು. ಆ ಹೆಸರು ಇದ್ದರೆ ಅದು ಕಂಬೈನ್ಡ್ ಪಿಲ್, ಅಂದರೆ ಈಸ್ಟ್ರೋಜನ್ ಕೂಡ ಇರುವ ಮಾತ್ರೆ. ಹೆರಿಗೆಯಾದ ಮೊದಲ ಆರು ವಾರ ಹಾಲೂಡಿಸುವವರು ಅದನ್ನು ಮುಟ್ಟಲೇಬಾರದು, ಆಗ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ. ಆರು ತಿಂಗಳವರೆಗೂ ಸಾಮಾನ್ಯವಾಗಿ ಬೇಡ ಅಂತಾರೆ, ಹಾಲು ಕಡಿಮೆಯಾಗಬಹುದು. ಅವತ್ತಿನಿಂದ ಯಾವ ಮಾತ್ರೆ ಬಂದರೂ ಮೊದಲು ಹಿಂಬದಿ ಓದುತ್ತೇನೆ.

ಹಾಲು ಕುಡಿಸುವಾಗ ಗರ್ಭ ನಿಲ್ಲಲ್ಲ ಬಿಡು, ಸುಮ್ನೆ ಯಾಕೆ ಮಾತ್ರೆ ಅಂತ ನನಗೂ ಹತ್ತು ಜನ ಹೇಳಿದ್ದರು. ಅದು ಪೂರ್ತಿ ಸುಳ್ಳಲ್ಲ. ಆದರೆ ಮೂರು ಷರತ್ತು ಇವೆ, ಮೂರೂ ಒಟ್ಟಿಗೆ ಇರಬೇಕು: ಮುಟ್ಟು ಇನ್ನೂ ಬಂದಿರಬಾರದು, ಮಗುವಿಗೆ ಆರು ತಿಂಗಳು ತುಂಬಿರಬಾರದು, ಹಗಲೂ ರಾತ್ರಿ ಹೆಚ್ಚೂಕಡಿಮೆ ಎದೆಹಾಲೇ ಆಗಿರಬೇಕು. ಹಗಲು ನಾಲ್ಕು ಗಂಟೆ, ರಾತ್ರಿ ಆರು ಗಂಟೆಗಿಂತ ದೊಡ್ಡ ಬಿಡುವು ಇರಬಾರದು. ಹಾಗಿದ್ದರೆ ಆ ಆರು ತಿಂಗಳಲ್ಲಿ 100ರಲ್ಲಿ ಸುಮಾರು 98 ಜನರಿಗೆ ಅದೇ ಸಾಕಾಗುತ್ತದೆ. ನಮ್ಮ ಮನೆಯಲ್ಲಿ ರಾತ್ರಿ ಒಂದು ಬಾಟಲಿ ನಡೆಯುತ್ತಿತ್ತು, ನನಗೆ ಸ್ವಲ್ಪ ನಿದ್ದೆ ಸಿಗಲಿ ಅಂತ. ಅಲ್ಲಿಗೆ ನನ್ನ ಲೆಕ್ಕ ಮುರಿಯಿತು. ಮುಟ್ಟು ಬಂದ ಮೇಲೆ ನೋಡೋಣ ಅಂತ ಕಾಯೋದೂ ತಪ್ಪಂತೆ. ಅಂಡ ಮೊದಲು ಬಿಡುಗಡೆಯಾಗುತ್ತದೆ, ಮುಟ್ಟು ಅದಾದ ಮೇಲೆ. ಅಂದರೆ ಹೆರಿಗೆ ನಂತರ ಒಂದು ಸಲವೂ ಮುಟ್ಟಾಗದೆ ಮತ್ತೆ ಬಸಿರಾಗಬಹುದು!

ಸರಿ, ಸ್ಟ್ರಿಪ್ ವಿಷಯಕ್ಕೆ ಬರುತ್ತೇನೆ. ಏಳೇಳರಂತೆ ನಾಲ್ಕು ಸಾಲು, 28 ಮಾತ್ರೆ. ಪ್ರತಿ ಮಾತ್ರೆಯ ಹಿಂದೆ ವಾರದ ಹೆಸರು, ಮುಂದೆ ಯಾವುದು ಅಂತ ಬಾಣದ ಗುರುತು. ಇದು ನಿಜಕ್ಕೂ ಉಪಕಾರ. ನಿದ್ದೆಗೆಟ್ಟ ತಲೆಗೆ ಇವತ್ತು ಬುಧವಾರವೋ ಗುರುವಾರವೋ ಗೊತ್ತಿರಲ್ಲ, ಸ್ಟ್ರಿಪ್ ನೋಡಿ ತಿಳಿದುಕೊಂಡದ್ದೂ ಉಂಟು. ನಡುವೆ ಬಿಡುವಿನ ವಾರ ಇಲ್ಲ. ಒಂದು ಸ್ಟ್ರಿಪ್ ಮುಗಿದ ಮರುದಿನವೇ ಇನ್ನೊಂದು. ಮಾತ್ರೆ ಮಾತ್ರ ವಿಪರೀತ ಚಿಕ್ಕದು, ಅಂಗಿಯ ಗುಂಡಿಗಿಂತ ಚಿಕ್ಕದು. ಮೊದಲ ವಾರ ರಾತ್ರಿ 10ಕ್ಕೆ ಅಂತ ಇಟ್ಟುಕೊಂಡಿದ್ದೆ. ಮೂರನೇ ದಿನ ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಸ್ಟ್ರಿಪ್, ಹೆಬ್ಬೆರಳಲ್ಲಿ ಒತ್ತಿದೆ, ಮಾತ್ರೆ ಟಪ್ ಅಂತ ಹಾರಿ ಹೊದಿಕೆಯೊಳಗೆ ಮಾಯ. ಮಗು ಎದೆ ಬಿಡಲ್ಲ, ಲೈಟ್ ಹಾಕುವ ಹಾಗಿಲ್ಲ. ಮೊಬೈಲ್ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಹುಡುಕಿದೆ. ಸಿಕ್ಕಿತು, ಮಗುವಿನ ಮೊಣಕಾಲ ಮಡಿಕೆಯಲ್ಲಿ. ಅದಾದ ಮೇಲೆ ಬೆಳಗ್ಗೆ 8ಕ್ಕೆ ಬದಲಾಯಿಸಿ ಸ್ಟ್ರಿಪ್ಪನ್ನು ಟೂತ್‌ಬ್ರಷ್ ಪಕ್ಕ ಇಟ್ಟೆ. ನೀವೂ ಹಾಗೇ ಮಾಡಿ. ಅಲಾರಂ ನಂಬಬೇಡಿ, ಅದು ಮೊದಲು ಎಬ್ಬಿಸೋದು ಮಗುವನ್ನು.

ಈ ಮಾತ್ರೆಗೆ 12 ಗಂಟೆ ರಿಯಾಯಿತಿ ಇದೆ. ಎಂಟಕ್ಕೆ ನುಂಗಬೇಕಾದ್ದನ್ನು ಸಂಜೆ ಏಳಕ್ಕೆ ನುಂಗಿದರೂ ನಡೆಯುತ್ತದೆ. ಹಳೆಯ ಥರದ ಮಿನಿ ಪಿಲ್‌ಗೆ, ಅಂದರೆ ನಾರೆಥಿಸ್ಟರೋನ್ ಅಥವಾ ಲೆವೊನಾರ್ಜೆಸ್ಟ್ರೆಲ್ ಇರುವವಕ್ಕೆ, ಬರೀ 3 ಗಂಟೆ. ಯಾಕೆಂದರೆ ಅವು ಮುಖ್ಯವಾಗಿ ಗರ್ಭಕೋಶದ ಬಾಯಲ್ಲಿರುವ ಲೋಳೆಯನ್ನು ಗಟ್ಟಿ ಮಾಡಿ ತಡೆಯುತ್ತವೆ, ಆ ಪರಿಣಾಮ ಒಂದೇ ದಿನಕ್ಕೆ ಇಳಿದುಹೋಗುತ್ತದೆ. ಡೆಸೊಜೆಸ್ಟ್ರೆಲ್ ಲೋಳೆಯ ಜೊತೆಗೆ ಅಂಡ ಬಿಡುಗಡೆಯನ್ನೂ ನಿಲ್ಲಿಸುತ್ತದೆ. ಹಾಲೂಡಿಸುವವರಿಗೆ 3 ಗಂಟೆಯ ಮಾತ್ರೆ ಬರೆದುಕೊಡುವವರು ಒಂದು ರಾತ್ರಿ ನಮ್ಮ ಮನೆಯಲ್ಲಿ ಇದ್ದು ನೋಡಬೇಕು ಅನ್ನಿಸಿತು.

ಒಂದು ದಿನ 14 ಗಂಟೆ ತಡವಾಯಿತು. ಲಸಿಕೆ ಹಾಕಿಸಿದ ದಿನ, ಮಗುವಿಗೆ ಜ್ವರ. ಪೆಟ್ಟಿಗೆಯೊಳಗಿನ ಚೀಟಿ ಮುಂದಿನ 7 ದಿನ ಕಾಂಡೋಮ್ ಬಳಸಿ ಅನ್ನುತ್ತದೆ, ಡಾಕ್ಟರ್ ಫೋನಲ್ಲಿ 2 ದಿನ ಸಾಕು ಅಂದರು. ನಾನು ಏಳನ್ನೇ ಹಿಡಿದೆ. ಚೀಟಿ ಬರೆದವರು ಮತ್ತು ಡಾಕ್ಟರು ಒಮ್ಮೆ ಕೂತು ಮಾತಾಡಿಕೊಂಡರೆ ಚೆನ್ನಾಗಿತ್ತು, ಅಲ್ವಾ? ಕಾಂಡೋಮ್ ಬಗ್ಗೆ ಒಂದು ಮಾತು, ಯಾರೂ ಹೇಳಲ್ಲ: ಹಾಲೂಡಿಸುವಾಗ ಈಸ್ಟ್ರೋಜನ್ ಕಡಿಮೆ ಇರುವುದರಿಂದ ಒಣಗಿದ ಹಾಗೆ ಆಗಿ ನೋವಾಗುತ್ತದೆ. ನೀರಿನಂಶದ ಜೆಲ್ ಬಳಸಿ, ಎಣ್ಣೆ ಬೇಡ, ಎಣ್ಣೆ ಲೇಟೆಕ್ಸನ್ನು ಹಾಳು ಮಾಡುತ್ತದೆ.

ಹಾಲಿನ ವಿಷಯಕ್ಕೆ ನನ್ನ ಭಯ ದೊಡ್ಡದಿತ್ತು. ಹಾರ್ಮೋನ್ ಸ್ವಲ್ಪ ಹಾಲಿಗೆ ಹೋಗುತ್ತದೆ, ಅದು ನಿಜ. ಆದರೆ ಮಗುವಿನ ಬೆಳವಣಿಗೆಗೆ ತೊಂದರೆ ಕಂಡುಬಂದಿಲ್ಲ ಅಂತ ಡಾಕ್ಟರ್ ಹೇಳಿದ್ದರು. ಆದರೂ ಎರಡು ವಾರ ಒದ್ದೆ ನ್ಯಾಪಿ ಎಣಿಸಿ ಬರೆದಿಟ್ಟೆ. ಮೊದಲೂ ಏಳೆಂಟು, ಆಮೇಲೂ ಏಳೆಂಟು. ತೂಕವೂ ಸರಿಯಾಗಿ ಏರಿತು. ಎಣಿಸೋದು ಬಿಟ್ಟೆ.

ಬೇಜಾರಾಗಿದ್ದು ರಕ್ತದ ವಿಷಯದಲ್ಲಿ. ಎರಡನೇ ಸ್ಟ್ರಿಪ್‌ನಲ್ಲಿ ಹದಿನೇಳು ದಿನ ಒಂದೇ ಸಮ ಕಲೆ, ಜಾಸ್ತಿಯಲ್ಲ, ಪ್ಯಾಡ್ ಹಾಕದೆ ಇರುವ ಹಾಗೂ ಇಲ್ಲ. ಆಮೇಲೆ ಎರಡು ತಿಂಗಳು ಏನೂ ಇಲ್ಲ, ಗಾಬರಿಯಾಗಿ ಬೆಳಗಿನ ಜಾವ ಟೆಸ್ಟ್ ಮಾಡಿಕೊಂಡೆ. ಒಂದೇ ಗೆರೆ. ಮಿನಿ ಪಿಲ್‌ನಲ್ಲಿ ಇದೆಲ್ಲ ಮಾಮೂಲಂತೆ, ಕೆಲವರಿಗೆ ಮುಟ್ಟೇ ನಿಲ್ಲುತ್ತದೆ, ಕೆಲವರಿಗೆ ಯಾವಾಗ ಬೇಕಾದರೂ ಬರುತ್ತದೆ. ಚೀಟಿಯಲ್ಲಿ ಇದು ಒಂದೂವರೆ ಸಾಲು. ಇನ್ನೂ ದೊಡ್ಡದಾಗಿ ಬರೆಯಬೇಕಿತ್ತು, ಅರ್ಧ ಜನ ಮಾತ್ರೆ ಬಿಡೋದು ಇದಕ್ಕೇ ಇರಬೇಕು.

ಸರಿಯಾಗಿ ನುಂಗಿದರೆ ವರ್ಷಕ್ಕೆ 100ರಲ್ಲಿ ಒಬ್ಬರಿಗೂ ಗರ್ಭ ನಿಲ್ಲಲ್ಲ. ನಮ್ಮಂಥವರು ನುಂಗುವ ಹಾಗೆ, ಮರೆತೂ ಮರೆತೂ ನುಂಗಿದರೆ, ಸುಮಾರು 7 ಜನ. ಏಳೂವರೆ ತಿಂಗಳ ಹೊತ್ತಿಗೆ ಮಗು ಬೇರೆ ಆಹಾರ ಶುರು ಮಾಡಿತ್ತು, ರಾತ್ರಿ ಜಾಸ್ತಿ ಮಲಗುತ್ತಿತ್ತು, ನಾನು ಒಂದೇ ತಿಂಗಳಲ್ಲಿ ಎರಡು ಮಾತ್ರೆ ಮರೆತೆ. ಎರಡು ವರ್ಷವಾದರೂ ಅಂತರ ಬೇಕು ಅಂತ ನಿರ್ಧರಿಸಿದ್ದೆವು. ಆ ಏಳರಲ್ಲಿ ಒಬ್ಬಳಾಗುವ ಧೈರ್ಯ ನನಗಿರಲಿಲ್ಲ.

ಕಾಪರ್-ಟಿ ಹಾಕಿಸಿಕೊಂಡೆ. ಹಾರ್ಮೋನ್ ಇಲ್ಲ, ಗಡಿಯಾರ ಇಲ್ಲ, 380ಎ ಅನ್ನೋದು ಹತ್ತು ವರ್ಷ ಇರುತ್ತದೆ. ಹಾಕುವಾಗ ಗರ್ಭಕೋಶಕ್ಕೆ ತೂತಾಗುವ ಅಪಾಯ ಹಾಲೂಡಿಸುವವರಿಗೆ ಸ್ವಲ್ಪ ಹೆಚ್ಚು, ಆದರೂ ಅಪರೂಪ, ಅದನ್ನು ಡಾಕ್ಟರ್ ಮುಚ್ಚಿಡದೆ ಹೇಳಿದರು. ಮೊದಲ ಮೂರು ಮುಟ್ಟು ಜೋರಾಗಿ ಬಂತು, ಹೊಟ್ಟೆನೋವೂ ಇತ್ತು. ಇಂಜೆಕ್ಷನ್ ಬಗ್ಗೆಯೂ ಯೋಚಿಸಿದ್ದೆ, ಮೂರು ತಿಂಗಳಿಗೊಮ್ಮೆ ಅಷ್ಟೇ. ಆದರೆ ಬಿಟ್ಟ ಮೇಲೆ ಮತ್ತೆ ಗರ್ಭ ನಿಲ್ಲೋಕೆ ಒಂದು ವರ್ಷದವರೆಗೂ ತಡವಾಗಬಹುದು ಅಂದಾಗ ಕೈಬಿಟ್ಟೆ.

ಏಳನೇ ಸ್ಟ್ರಿಪ್ ಅರ್ಧಕ್ಕೆ ನಿಂತಿದೆ, ಗುರುವಾರದವರೆಗೆ ಖಾಲಿ. ಮೊನ್ನೆ ಬಾಣಂತಿ ಗೆಳತಿಯೊಬ್ಬಳು ಉಳಿದದ್ದು ನನಗೆ ಕೊಡು ಅಂದಳು. ಕೊಡಲಿಲ್ಲ. ಅವಳು ಮೂರ್ಛೆರೋಗಕ್ಕೆ ಕಾರ್ಬಮಜೆಪೀನ್ ತೆಗೆದುಕೊಳ್ಳುತ್ತಾಳೆ. ಅದು ದೇಹದಲ್ಲಿ ಈ ಹಾರ್ಮೋನನ್ನು ಬೇಗ ಒಡೆದುಹಾಕುತ್ತದೆ, ದಿನಾ ಎಂಟಕ್ಕೆ ಸರಿಯಾಗಿ ನುಂಗಿದರೂ ಅವಳು ಇದರ ರಕ್ಷಣೆ ನಂಬುವ ಹಾಗಿಲ್ಲ. ಮಾತ್ರೆಗಳ ಪಟ್ಟಿ ಹಿಡಿದು ಡಾಕ್ಟರ್ ಹತ್ತಿರ ಹೋಗು ಅಂದೆ. ಸ್ವಲ್ಪ ಮುನಿಸಿಕೊಂಡಿದ್ದಾಳೆ.